ಒಂದು ಮೀಟರ್ ಎತ್ತರಕ್ಕೆ ಎಷ್ಟು ರೂಪಾಯಿ, ಎಷ್ಟು ಇಂಗಾಲ: ಊರಿನ ನೀರೆತ್ತುವ ವ್ಯವಸ್ಥೆಗೊಂದು ಸಮಗ್ರ ಮಾರ್ಗದರ್ಶಿ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಗ್ರಾಮ ಪಂಚಾಯಿತಿಗಳಲ್ಲಿ ಜೆಸ್ಕಾಂನ ಕರೆಂಟ್ ಬಿಲ್ಲಿನ ಮಾತು ಬಾರದೆ ಮುಗಿಯುವ ಸಾಮಾನ್ಯ ಸಭೆ ಅಪರೂಪ. ಬಿಲ್ಲನ್ನು ಏರಿಸುವುದರಲ್ಲಿ ಬೀದಿದೀಪಕ್ಕಿಂತ ಕುಡಿಯುವ ನೀರಿನ ಪಂಪಿನ ಕೈವಾಡವೇ ದೊಡ್ಡದು. ಅದೇ ಪಂಪು ಎಷ್ಟು ಹಸಿರುಮನೆ ಅನಿಲಕ್ಕೆ ಕಾರಣವಾಗುತ್ತಿದೆ ಎಂಬ ಪ್ರಶ್ನೆಯನ್ನೂ ಈಗ ಯೋಜನಾ ವರದಿಗಳಲ್ಲಿ ಕೇಳಲಾಗುತ್ತಿದೆ. ಹಣ ಉಳಿಸಿದರೆ ಪರಿಸರ ಕೆಡುತ್ತದೆ, ಪರಿಸರ ಉಳಿಸಿದರೆ ಹಣ ಹೋಗುತ್ತದೆ ಎಂದು ಹಲವರು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಲೆಕ್ಕಕ್ಕೆ ಕುಳಿತರೆ ಬಹುಪಾಲು ಕೆಲಸಗಳಲ್ಲಿ ಇವೆರಡೂ ಒಂದೇ ದಿಕ್ಕಿಗೆ ನಡೆಯುತ್ತವೆ. ಎರಡಕ್ಕೂ ದಾರಿ ಬೇರೆಯಾಗುವ ಜಾಗಗಳು ಕೆಲವೇ ಇದ್ದು, ಅವುಗಳನ್ನು ಗುರುತಿಸುವುದು ಈ ಬರಹದ ಉದ್ದೇಶ. ಕೆಲಸದ ಕ್ರಮವೂ ಮುಖ್ಯ. ಯೂನಿಟ್ ಇಳಿಸುವ ಕೆಲಸ ಮೊದಲು, ಯೂನಿಟ್ಟಿನ ಮೂಲ ಬದಲಿಸುವ ಕೆಲಸ ಆಮೇಲೆ. ಈ ಕ್ರಮ ತಲೆಕೆಳಗಾದ ಕಡೆ ಸೌರ ಫಲಕಗಳು ಸವೆದ ಪಂಪಿಗೆ ಕರೆಂಟ್ ಒದಗಿಸುತ್ತಾ ನಿಂತಿರುತ್ತವೆ.

ಲೆಕ್ಕ ಕಣ್ಣಿಗೆ ಕಾಣುವಂತಿರಲು ಒಂದು ಮಾದರಿ ಊರನ್ನು ಇಟ್ಟುಕೊಳ್ಳೋಣ. ಜನಸಂಖ್ಯೆ ಸುಮಾರು 6,000. ಜಲ ಜೀವನ್ ಮಿಷನ್ನಿನ ಪ್ರಮಾಣದಂತೆ ತಲೆಗೆ ದಿನಕ್ಕೆ 55 ಲೀಟರ್. ಸೋರಿಕೆ ಮತ್ತು ಶಾಲೆ, ಅಂಗನವಾಡಿಗಳ ಬಳಕೆ ಸೇರಿ ದಿನಕ್ಕೆ 400 ಘನ ಮೀಟರ್, ಅಂದರೆ ನಾಲ್ಕು ಲಕ್ಷ ಲೀಟರ್. ಕಾಲುವೆಯಿಂದ ತುಂಬಿಸಿಕೊಳ್ಳುವ ಕೆರೆಯ ದಡದಲ್ಲಿ ಪಂಪು ನೀರೆಳೆದುಕೊಳ್ಳುವ ಬಾವಿ, ಅಂದರೆ ಜಾಕ್‌ವೆಲ್ ಇದೆ, ಅಲ್ಲಿಂದ 3 ಕಿಲೋಮೀಟರ್ ಏರುಕೊಳವೆ, ಕೊನೆಗೆ ಒಂದೂವರೆ ಲಕ್ಷ ಲೀಟರಿನ ಮೇಲ್ತೊಟ್ಟಿ. ಜಾಕ್‌ವೆಲ್ಲಿನ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಯವರೆಗಿನ ಎತ್ತರ 30 ಮೀಟರ್, ಬಾಗು ಮತ್ತು ವಾಲ್ವ್‌ಗಳಿಗೆ ಇನ್ನೆರಡು ಮೀಟರ್.

ಮೊದಲ ಹಂತ: ಎರಡು ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳುವುದು

ಒಂದು ಯೂನಿಟ್ಟಿಗೆ ಪಂಚಾಯಿತಿ ಕೊಡುವ ಹಣವನ್ನು ಬಿಲ್ಲಿನಿಂದಲೇ ತೆಗೆಯಬೇಕು. ಬಿಲ್ಲಿನಲ್ಲಿ ಯೂನಿಟ್ ದರದ ಜೊತೆಗೆ ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ, ತೆರಿಗೆ, ಪವರ್ ಫ್ಯಾಕ್ಟರ್ (ಎಳೆದುಕೊಂಡ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಕಡಿಮೆಯಾದಾಗಿನ ಹೆಚ್ಚುವರಿ ಶುಲ್ಕ, ಬಾಕಿಯ ಬಡ್ಡಿ ಎಲ್ಲವೂ ಬೆರೆತಿರುತ್ತವೆ. ಬಾಕಿ ಮತ್ತು ಬಡ್ಡಿಯನ್ನು ಬದಿಗಿಟ್ಟು ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಕೂಡಿಸಿ ಯೂನಿಟ್‌ಗಳಿಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ. ಇಲ್ಲಿ ಲೆಕ್ಕಕ್ಕಾಗಿ 7 ರೂಪಾಯಿ ಎಂದು ಹಿಡಿದಿದ್ದೇನೆ. ನಿಮ್ಮ ಬಿಲ್ಲಿನ ಅಂಕಿ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ.

ಇನ್ನೊಂದು, ಒಂದು ಯೂನಿಟ್ಟಿನ ಹಿಂದಿರುವ ಇಂಗಾಲ (ಈ ಬರಹದಲ್ಲಿ ಇಂಗಾಲ ಎಂದರೆ ಇಂಗಾಲದ ಡೈಆಕ್ಸೈಡ್). ಕೇಂದ್ರ ವಿದ್ಯುತ್ ಪ್ರಾಧಿಕಾರವು ದೇಶದ ಗ್ರಿಡ್ಡಿನ ಸರಾಸರಿ ಹೊರಸೂಸುವಿಕೆಯನ್ನು ಕಾಲಕಾಲಕ್ಕೆ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಶಕ್ತಿನಗರ, ಯರಮರಸ್, ಕುಡತಿನಿಗಳಲ್ಲಿ ಕಲ್ಲಿದ್ದಲ ಸ್ಥಾವರಗಳೂ, ಕೊಪ್ಪಳದ ಬಯಲಿನಲ್ಲಿ ಗಾಳಿಯಂತ್ರಗಳೂ ಕಣ್ಣೆದುರಿಗೇ ಇರುವುದರಿಂದ, ನಮ್ಮೂರಿನ ಕರೆಂಟ್ ಎಲ್ಲಿಂದ ಬಂತೆಂದು ಸ್ಥಳೀಯವಾಗಿ ಲೆಕ್ಕ ಹಾಕಬೇಕಲ್ಲವೇ ಎಂದು ಕೇಳುವವರಿದ್ದಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಬೆಸೆದುಕೊಂಡಿತು. ಅಂದಿನಿಂದ ದೇಶದ್ದೆಲ್ಲ ಒಂದೇ ಗ್ರಿಡ್. ಆದ್ದರಿಂದ ರಾಷ್ಟ್ರೀಯ ಸರಾಸರಿಯನ್ನು ಬಳಸುವುದೇ ಸರಿ, ಮತ್ತು ಅದನ್ನು ವರದಿಯ ಆರಂಭದಿಂದ ಕೊನೆಯವರೆಗೆ ಬದಲಿಸದೆ ಬಳಸಬೇಕು. ಸಾಗಣೆಯಲ್ಲಿ ಕಳೆದುಹೋಗುವ ವಿದ್ಯುತ್ತನ್ನೂ ಸೇರಿಸಿದರೆ ಮೀಟರಿನ ಹತ್ತಿರದ ಯೂನಿಟ್ಟಿನ ಇಂಗಾಲ ಇದಕ್ಕಿಂತ ಹೆಚ್ಚೇ ಆಗುತ್ತದೆ.

ಡೀಸೆಲ್ ಜನರೇಟರ್ ಅಥವಾ ಎಂಜಿನ್ ಇದ್ದರೆ ಲೀಟರಿಗೆ ಸುಮಾರು 2.7 ಕಿಲೋ ಎಂದು ಹಿಡಿಯಬೇಕು.

ಎರಡನೆಯ ಹಂತ: ಪಂಪಿನ ನಿಜವಾದ ದಕ್ಷತೆಯನ್ನು ಅಳೆಯುವುದು

ಇದನ್ನು ಮಾಡದೆ ಮುಂದಿನ ಯಾವ ಹಂತಕ್ಕೂ ಹೋಗಬಾರದು. ಪಂಪಿನ ಮೈಮೇಲಿನ ತಗಡಿನ ಫಲಕದಲ್ಲಿ ಬರೆದಿರುವುದು ಕಾರ್ಖಾನೆಯಿಂದ ಹೊರಟ ದಿನದ ಅಂಕಿ. ಅದಾದ ಮೇಲೆ ಎಷ್ಟು ಮಳೆಗಾಲದ ಕೆಸರು ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಚಕ್ರದ ಮೂಲಕ ಹಾದುಹೋಗಿದೆ, ಮೋಟಾರಿಗೆ ಎಷ್ಟು ಬಾರಿ ವೈಂಡಿಂಗ್ ಕಟ್ಟಿಸಲಾಗಿದೆ ಎಂಬುದು ಅದರಲ್ಲಿ ಇರುವುದಿಲ್ಲ.

ಬೇಕಾಗುವುದು ಗಡಿಯಾರ, ಅಳತೆ ಪಟ್ಟಿ, ಕರೆಂಟ್ ಮೀಟರ್ ಮತ್ತು ಪಂಪಿನ ಹೊರದಾರಿಗೆ ಕೂಡಿಸಿದ ಒಂದು ಒಳ್ಳೆಯ ಒತ್ತಡಮಾಪಕ. ಬಹಳ ಕಡೆ ಮಾಪಕದ ಮುಳ್ಳು ಪಂಪು ನಿಂತಿದ್ದಾಗಲೂ ಮೂರರ ಮೇಲೆಯೇ ಇರುತ್ತದೆ. ಅಂಥದ್ದನ್ನು ಬಿಚ್ಚಿ ಹೊಸದನ್ನು ಹಾಕಿಸಿ, ಅದಕ್ಕಾಗುವ ಖರ್ಚು ಅಲ್ಪ. ಮೇಲ್ತೊಟ್ಟಿಯಿಂದ ಊರಿಗೆ ನೀರು ಬಿಡುವ ವಾಲ್ವನ್ನು ಪೂರ್ತಿ ಮುಚ್ಚಿಸಿ, ತೊಟ್ಟಿಯೊಳಗಿನ ನೀರಿನ ಮಟ್ಟವನ್ನೂ ಮೀಟರಿನ ಅಂಕಿಯನ್ನೂ ಒಂದೇ ಹೊತ್ತಿಗೆ ಬರೆದುಕೊಳ್ಳಿ. ಒಬ್ಬರು ತೊಟ್ಟಿಯ ಮೇಲೆ, ಇನ್ನೊಬ್ಬರು ಪಂಪ್‌ಹೌಸಿನಲ್ಲಿ ನಿಂತು ಮೊಬೈಲಿನಲ್ಲಿ ಮಾತಾಡಿಕೊಂಡರೆ ಸಾಕು. ಮೊದಲು ನೀರುಗಂಟಿಯನ್ನು ಜೊತೆಗೆ ಕರೆದುಕೊಂಡು ಏರುಕೊಳವೆಯ ಉದ್ದಕ್ಕೂ ಒಮ್ಮೆ ನಡೆದು ಬರುವುದು ಅಗತ್ಯ, ಏಕೆಂದರೆ ನಮ್ಮ ಕಡೆ ಹೊಲದ ನಡುವಿನ ಏರ್ ವಾಲ್ವುಗಳ ಮುಚ್ಚಳ ಸಡಿಲಿಸಿ ಅದರ ಕೆಳಗೆ ಕೊಡ ಇಡುವುದು, ಎಮ್ಮೆಗಳಿಗೆ ಸಣ್ಣ ಹೊಂಡ ಮಾಡಿಕೊಡುವುದು ನಡೆದೇ ಇರುತ್ತದೆ. ಅದನ್ನು ಗಮನಿಸದಿದ್ದರೆ ಸೋರಿಕೆಯ ದೋಷ ಪಂಪಿನ ತಲೆಗೆ ಬರುತ್ತದೆ.

ನಮ್ಮ ಮಾದರಿ ಊರಿನಲ್ಲಿ ತೊಟ್ಟಿಯ ಒಳವ್ಯಾಸ 7 ಮೀಟರ್, ಹಾಗಾಗಿ ತಳದ ವಿಸ್ತೀರ್ಣ 38.5 ಚದರ ಮೀಟರ್. 47 ನಿಮಿಷಗಳಲ್ಲಿ ನೀರು ಸರಿಯಾಗಿ ಒಂದು ಮೀಟರ್ ಏರಿತು, ಮೀಟರ್ 12.4 ಯೂನಿಟ್ ಓಡಿತು ಎಂದುಕೊಳ್ಳಿ. ಹಾಗಿದ್ದರೆ ಗಂಟೆಗೆ ಸುಮಾರು 49 ಘನ ಮೀಟರ್ ನೀರು, ಪ್ರತಿ ಘನ ಮೀಟರಿಗೆ 0.32 ಯೂನಿಟ್. ಒತ್ತಡಮಾಪಕ ಚದರ ಸೆಂಟಿಮೀಟರಿಗೆ 4.1 ಕಿಲೋ ತೋರಿಸಿದರೆ 41 ಮೀಟರ್, ಮಾಪಕದಿಂದ ಜಾಕ್‌ವೆಲ್ಲಿನ ನೀರಿಗೆ 4 ಮೀಟರ್, ಒಟ್ಟು 45 ಮೀಟರ್ ಹೆಡ್, ಅಂದರೆ ಘರ್ಷಣೆಯನ್ನೂ ಎತ್ತರವಾಗಿ ಎಣಿಸಿ ಪಂಪು ನೀರನ್ನು ಎತ್ತಬೇಕಾದ ಒಟ್ಟು ಎತ್ತರ.

ಒಂದು ಘನ ಮೀಟರ್ ನೀರನ್ನು ಒಂದು ಮೀಟರ್ ಎತ್ತಲು, ಏನೂ ನಷ್ಟವಿಲ್ಲದಿದ್ದರೆ, ಬೇಕಾಗುವುದು 0.002725 ಯೂನಿಟ್. ಈ ಅಂಕಿಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬರೆಸಿಡುವುದು ಒಳ್ಳೆಯದು. 45 ಮೀಟರಿಗೆ 0.123 ಯೂನಿಟ್ ಸಾಕಿತ್ತು, ಖರ್ಚಾದದ್ದು 0.32. ಪಂಪು, ಮೋಟಾರು ಎರಡೂ ಸೇರಿದ ಒಟ್ಟು ದಕ್ಷತೆ 38 ಶೇಕಡಾ. ಹೊಸದಾಗಿ, ಸರಿಯಾಗಿ ಆರಿಸಿದ ಇದೇ ಗಾತ್ರದ ಪಂಪ್‌ಸೆಟ್ಟು 55ರಿಂದ 60 ಶೇಕಡಾ ಕೊಡಬೇಕು.

ಕೊಳವೆಬಾವಿಯಾದರೆ ಮಾಪಕದ ಅಂಕಿಗೆ ಪಂಪು ಓಡುತ್ತಿರುವಾಗಿನ ನೀರಿನ ಆಳವನ್ನು ಕೂಡಿಸಬೇಕು. ಬೆಳಗ್ಗೆ ಪಂಪು ಹಾಕುವ ಮುಂಚಿನ ಮಟ್ಟ ಲೆಕ್ಕಕ್ಕೆ ಬರುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಆಳದ ಬಾವಿಗಳಲ್ಲಿ ಇವೆರಡರ ನಡುವಿನ ಅಂತರ ದೊಡ್ಡದಿರುತ್ತದೆ. 150 ಮೀಟರಿನಿಂದ ಎತ್ತುವುದಾದರೆ 55 ಶೇಕಡಾ ದಕ್ಷತೆಯಲ್ಲೂ ಘನ ಮೀಟರಿಗೆ ಮುಕ್ಕಾಲು ಯೂನಿಟ್ ಬೇಕು. ಅದೇ ಊರಿಗೆ ಕೆರೆ ಅಥವಾ ಕಾಲುವೆಯ ನೀರು ಬಂದರೆ ಫ್ಲೋರೈಡಿನ ಕಾಟ ತಪ್ಪುವುದರ ಜೊತೆಗೆ ಇಂಗಾಲವೂ ಮೂರನೇ ಒಂದು ಭಾಗಕ್ಕೆ ಇಳಿಯಬಹುದು.

ಮೂರನೆಯ ಹಂತ: ಸೋರಿಕೆ

ಸೋರಿದ ನೀರಿಗೂ ಪೂರ್ತಿ ಎತ್ತುವ ಖರ್ಚು ಬಿದ್ದಿರುತ್ತದೆ, ಹಾಗಾಗಿ ನೂರರಲ್ಲಿ ಹತ್ತು ಪಾಲು ಸೋರಿಕೆ ನಿಲ್ಲಿಸಿದರೆ ಹತ್ತು ಪಾಲು ಬಿಲ್ಲೂ ಹತ್ತು ಪಾಲು ಇಂಗಾಲವೂ ಇಳಿಯುತ್ತವೆ. ಸಿಂಧನೂರು, ಮಾನ್ವಿ, ಸಿರುಗುಪ್ಪದಂಥ ಎರೆಭೂಮಿಯ ಕಡೆ ಬೇಸಿಗೆಯಲ್ಲಿ ನೆಲ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ ಪಿವಿಸಿ ಕೊಳವೆಯ ಜೋಡಣೆಗಳು ಎಳೆದಾಡಿ ಬಿಡುತ್ತವೆ. ಅಂಥಲ್ಲಿ ಕೊಳವೆಯ ಸುತ್ತ ಮರಳು ಅಥವಾ ಮೊರಂ ಹಾಸಿ ಹೂಳಬೇಕು. ಇದನ್ನು ಅಂದಾಜುಪಟ್ಟಿಯಲ್ಲಿ ತೋರಿಸಿ ನೆಲದಲ್ಲಿ ಬಿಟ್ಟುಬಿಡುವ ಗುತ್ತಿಗೆದಾರರು ಇದ್ದಾರೆ. ಕಂದಕ ಮುಚ್ಚುವ ಮುಂಚೆ ಅಳತೆ ಪುಸ್ತಕದ ಜೊತೆ ಚಿತ್ರವನ್ನೂ ತೆಗೆದಿಡಬೇಕು.

ನಾಲ್ಕನೆಯ ಹಂತ: ಎತ್ತರ ಮತ್ತು ಕೊಳವೆಯ ಗಾತ್ರ

ವೆಚ್ಚಕ್ಕೂ ಇಂಗಾಲಕ್ಕೂ ನಿಜವಾದ ಜಗ್ಗಾಟ ನಡೆಯುವುದು ಇಲ್ಲಿ. ದಿನಕ್ಕೆ 400 ಘನ ಮೀಟರ್ ಎಂದರೆ ವರ್ಷಕ್ಕೆ 1,46,000. ಒಟ್ಟು ದಕ್ಷತೆ 55 ಶೇಕಡಾ ಇದ್ದಾಗ ಹೆಡ್ ಒಂದು ಮೀಟರ್ ಹೆಚ್ಚಾದರೆ ವರ್ಷಕ್ಕೆ 723 ಯೂನಿಟ್, ಸುಮಾರು 5,000 ರೂಪಾಯಿ, ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ತೊಟ್ಟಿಗೆ ಜಾಗ ಆರಿಸುವ ದಿನ ಈ ಅಂಕಿ ಕೈಯಲ್ಲಿರಬೇಕು. ಊರ ಪಕ್ಕದ ಕಲ್ಲುಗುಡ್ಡದ ಮೇಲೆ ತೊಟ್ಟಿ ಕಟ್ಟಿದರೆ ಕಂಬಗಳ ಕಾಂಕ್ರೀಟ್ ಉಳಿಯುತ್ತದೆ ಎಂಬ ವಾದ ಕೊಪ್ಪಳದ ಕಡೆ ಮೇಲಿಂದ ಮೇಲೆ ಕೇಳಿಬರುತ್ತದೆ. ಗುಡ್ಡ ಬೇಕಾದ ಎತ್ತರಕ್ಕಿಂತ 15 ಮೀಟರ್ ಹೆಚ್ಚಿದ್ದರೆ ವರ್ಷಕ್ಕೆ 75,000 ರೂಪಾಯಿ, ಏಳೂವರೆ ಟನ್, ಅದೂ ತೊಟ್ಟಿ ನಿಂತಿರುವಷ್ಟು ಕಾಲ. ಒಂದೇ ಊರಿನ ಮೇಲಿನ ಓಣಿಗೂ ತಗ್ಗಿನ ಓಣಿಗೂ ಎತ್ತರದ ಅಂತರ ದೊಡ್ಡದಿದ್ದರೆ ತಗ್ಗಿನ ಭಾಗಕ್ಕೆ ಬೇರೆ ಸಣ್ಣ ತೊಟ್ಟಿ ಮಾಡಿ, ಎಲ್ಲ ನೀರನ್ನೂ ಮೇಲಕ್ಕೆ ಒಯ್ದು ಕೆಳಗೆ ಬಿಡುವುದನ್ನು ತಪ್ಪಿಸಬಹುದು.

ನೆಲದ ಎತ್ತರ ನಮ್ಮ ಕೈಯಲ್ಲಿಲ್ಲದಿದ್ದರೂ ಕೊಳವೆಯೊಳಗಿನ ಘರ್ಷಣೆ ನಮ್ಮ ಕೈಯಲ್ಲಿದೆ. ಕೊಳವೆಯ ಒಳವ್ಯಾಸ ಸ್ವಲ್ಪ ಕಿರಿದಾದರೂ ಘರ್ಷಣೆ ಹೆಚ್ಚುಕಡಿಮೆ ಅದರ ಐದನೆಯ ಘಾತದಂತೆ ಏರುತ್ತದೆ. ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಒರಟುತನದ ಅಂಕಿ 140 ಎಂದಿಟ್ಟು, ದಿನಕ್ಕೆ ಎಂಟು ಗಂಟೆ, ಗಂಟೆಗೆ 50 ಘನ ಮೀಟರ್ ಹರಿಸಿದಾಗ 3 ಕಿಲೋಮೀಟರಿಗೆ ಬರುವ ಲೆಕ್ಕ ಹೀಗಿದೆ.

| ಒಳವ್ಯಾಸ (ಮಿಮೀ) | ಘರ್ಷಣೆ (ಮೀ) | ಒಟ್ಟು ಹೆಡ್ (ಮೀ) | ವರ್ಷಕ್ಕೆ ಯೂನಿಟ್ | ವರ್ಷಕ್ಕೆ ರೂಪಾಯಿ | ವರ್ಷಕ್ಕೆ ಟನ್ ಇಂಗಾಲದ ಡೈಆಕ್ಸೈಡ್ |
|---|---|---|---|---|---|
| 125 | 30.8 | 62.8 | 45,400 | 3.18 ಲಕ್ಷ | 31.8 |
| 150 | 12.7 | 44.7 | 32,300 | 2.26 ಲಕ್ಷ | 22.6 |
| 200 | 3.1 | 35.1 | 25,400 | 1.78 ಲಕ್ಷ | 17.8 |

125ರಿಂದ 150ಕ್ಕೆ ಹೋಗುವುದರಲ್ಲಿ ಯೋಚಿಸುವುದೇನೂ ಇಲ್ಲ. ಕೊಳವೆಯ ತೂಕ ಮೀಟರಿಗೆ ಅಂದಾಜು ಒಂದು ಕಿಲೋಗಿಂತ ಕಡಿಮೆ ಹೆಚ್ಚುತ್ತದೆ, ಒಟ್ಟು ಸುಮಾರು 2,700 ಕಿಲೋ. ಕಿಲೋಗೆ 100 ರೂಪಾಯಿ ಹಿಡಿದರೂ ಹೆಚ್ಚುವರಿ ಬಂಡವಾಳ 2.7 ಲಕ್ಷ, ವರ್ಷದ ಉಳಿತಾಯ 91,000 ರೂಪಾಯಿ, ಮೂರು ವರ್ಷದಲ್ಲಿ ಹಣ ಹಿಂದಕ್ಕೆ ಬರುತ್ತದೆ. ಪಿವಿಸಿ ತಯಾರಿಕೆಯಲ್ಲಿ ಕಿಲೋಗೆ ಸುಮಾರು 3 ಕಿಲೋ ಇಂಗಾಲ ಹೊರಬರುತ್ತದೆಂದು ಹಿಡಿದರೆ ಆ ಸಾಲ ಒಂದು ವರ್ಷದೊಳಗೇ ತೀರುತ್ತದೆ. ಅಲ್ಲದೆ 125ರ ಕೊಳವೆಯಲ್ಲಿ ಒಟ್ಟು ಹೆಡ್ 60 ಮೀಟರ್ ದಾಟುವುದರಿಂದ ಚದರ ಸೆಂಟಿಮೀಟರಿಗೆ ಆರು ಕಿಲೋ (60 ಮೀಟರ್) ತಾಳುವ ದರ್ಜೆಯ ಕೊಳವೆ ಸಾಲದು, ಅದಕ್ಕಿಂತ ದಪ್ಪನೆಯದು ಬೇಕು. ಅಗ್ಗವೆಂದು ಆರಿಸಿದ ಕೊಳವೆ ಆಗ ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ.

150ರಿಂದ 200ಕ್ಕೆ ಹೋಗುವಾಗ ಮಾತು ಬೇರೆ. ತೂಕ ಸುಮಾರು 9,000 ಕಿಲೋ ಹೆಚ್ಚುತ್ತದೆ, ಬಂಡವಾಳ 9 ಲಕ್ಷ ಏರುತ್ತದೆ, ವರ್ಷದ ಉಳಿತಾಯ ಮಾತ್ರ 48,600 ರೂಪಾಯಿ. ಬಡ್ಡಿಯನ್ನು ಬಿಟ್ಟರೂ ಹಣ ಮರಳಲು ಹದಿನೆಂಟು ವರ್ಷ ದಾಟುತ್ತದೆ. ಇಂಗಾಲದ ಲೆಕ್ಕದಲ್ಲಿಯಾದರೋ ತಯಾರಿಕೆಯ 27 ಟನ್ನನ್ನು ವರ್ಷಕ್ಕೆ 4.9 ಟನ್ನಿನಂತೆ ಐದೂವರೆ ವರ್ಷದಲ್ಲಿ ತೀರಿಸಿಕೊಂಡು, ಉಳಿದ ಕಾಲವೆಲ್ಲ ಲಾಭವೇ. ಇಲ್ಲಿ ಹಣ ಬೇಡ ಎನ್ನುತ್ತದೆ, ಇಂಗಾಲ ಬೇಕು ಎನ್ನುತ್ತದೆ. ಇಂಥ ಜಾಗದಲ್ಲಿ ಏನು ಮಾಡಬೇಕೆಂಬುದನ್ನು ಏಳನೆಯ ಹಂತದಲ್ಲಿ ನೋಡೋಣ. ಅದಕ್ಕೂ ಮುಂಚೆ ಇವೆರಡರ ನಡುವೆ ಇರುವ, ಹೆಚ್ಚಿನ ಅಂದಾಜುಪಟ್ಟಿಗಳಲ್ಲಿ ಕಾಣಿಸದ ಮೂರನೆಯ ದಾರಿಯೊಂದಿದೆ.

ಐದನೆಯ ಹಂತ: ನಿಧಾನವಾಗಿ, ಹೆಚ್ಚು ಹೊತ್ತು ಎತ್ತುವುದು

ಹರಿವನ್ನು ಅರ್ಧ ಮಾಡಿದರೆ ಘರ್ಷಣೆ ಅರ್ಧವಾಗುವುದಿಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ 150ರ ಕೊಳವೆಯಲ್ಲಿ ಎಂಟು ಗಂಟೆಯ ಬದಲು ಹದಿನಾರು ಗಂಟೆ, ಗಂಟೆಗೆ 25 ಘನ ಮೀಟರಿನಂತೆ ಎತ್ತಿದರೆ ಘರ್ಷಣೆ 12.7ರಿಂದ 3.5 ಮೀಟರಿಗೆ, ಒಟ್ಟು ಹೆಡ್ 35.5ಕ್ಕೆ ಬರುತ್ತದೆ. ಸಣ್ಣ ಪಂಪಿನ ದಕ್ಷತೆ ಸ್ವಲ್ಪ ಕಡಿಮೆಯಿರುತ್ತದೆಂದು 52 ಶೇಕಡಾ ಹಿಡಿದರೂ ವರ್ಷಕ್ಕೆ 27,200 ಯೂನಿಟ್ ಸಾಕು. 9 ಲಕ್ಷ ಸುರಿದು 200ರ ಕೊಳವೆ ಹಾಕಿದ್ದರೆ ಸಿಗುತ್ತಿದ್ದ ಉಳಿತಾಯದ ಮುಕ್ಕಾಲು ಪಾಲು ಒಂದಡಿ ನೆಲವನ್ನೂ ಅಗೆಯದೆ ಸಿಕ್ಕಿತು. ಮೋಟಾರೂ 15 ಎಚ್‌ಪಿ ಬದಲು ಏಳೂವರೆ ಎಚ್‌ಪಿ ಸಾಕಾಗುವುದರಿಂದ ಲೋಡನ್ನು ಇಳಿಸಿ ಮಂಜೂರು ಮಾಡಿಸಿಕೊಂಡರೆ ನಿಗದಿತ ಶುಲ್ಕವೂ ಇಳಿಯುತ್ತದೆ. ಕೊಳವೆಬಾವಿಗಳಿಗೆ ಇದರಿಂದ ಇನ್ನೂ ಹೆಚ್ಚಿನ ಪ್ರಯೋಜನ, ನಿಧಾನವಾಗಿ ಎಳೆದಾಗ ಬಾವಿಯೊಳಗಿನ ನೀರು ಅಷ್ಟು ಕೆಳಕ್ಕೆ ಕುಸಿಯುವುದಿಲ್ಲ.

ಈ ದಾರಿಗೆ ಎರಡು ಅಡ್ಡಿಗಳಿವೆ. ಒಂದು, ಹದಿನಾರು ಗಂಟೆ ತ್ರೀ ಫೇಸ್ ಕರೆಂಟ್ ಬೇಕು. ಕೃಷಿ ಮಾರ್ಗಕ್ಕೆ ಏಳು ಗಂಟೆ ಮಾತ್ರ ಕೊಡುವ ಕಡೆ ಕುಡಿಯುವ ನೀರಿನ ಪಂಪನ್ನು ಊರಿನ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಮಾರ್ಗಕ್ಕೋ ಪ್ರತ್ಯೇಕ ಮಾರ್ಗಕ್ಕೋ ಬದಲಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು, ನೀರುಗಂಟಿ ಹದಿನಾರು ಗಂಟೆ ಪಂಪಿನ ಹತ್ತಿರ ಕೂರಲಾರ. ತೊಟ್ಟಿ ತುಂಬಿದಾಗ ನಿಲ್ಲುವ ಫ್ಲೋಟ್ ಸ್ವಿಚ್, ಫೇಸ್ ಹೋದಾಗ, ಜಾಕ್‌ವೆಲ್ ಬರಿದಾದಾಗ ನಿಲ್ಲಿಸುವ ಸ್ಟಾರ್ಟರ್, ಮೊಬೈಲಿನಿಂದ ಹಾಕಿ ಆರಿಸುವ ಉಪಕರಣ, ಇಷ್ಟು ಇದ್ದರೆ ಕೆಲಸ ನಡೆಯುತ್ತದೆ. ಈ ಮೂರರಲ್ಲಿ ಫ್ಲೋಟ್ ಸ್ವಿಚ್ಚೇ ಮೊದಲು ಕೆಡುವುದು. ಎರಡು ಇಟ್ಟುಕೊಂಡಿರಿ.

ವೇಗ ಬದಲಿಸುವ ಡ್ರೈವ್ ಹಾಕಿ ಇದೇ ದೊಡ್ಡ ಪಂಪನ್ನು ನಿಧಾನಕ್ಕೆ ಓಡಿಸಬಹುದಲ್ಲ ಎಂದು ಮಾರಾಟಗಾರರು ಹೇಳುತ್ತಾರೆ. ಹೆಡ್ಡಿನ ಬಹುಪಾಲು ಘರ್ಷಣೆಯೇ ಆಗಿರುವ ಉದ್ದನೆಯ ಸಪಾಟು ಮಾರ್ಗಗಳಿಗೆ ಅದು ಒಳ್ಳೆಯದು. ನಮ್ಮ ಮಾದರಿಯಲ್ಲಿ 44.7 ಮೀಟರಿನಲ್ಲಿ 32 ಮೀಟರ್ ಎತ್ತರವೇ ಇರುವುದರಿಂದ ವೇಗ ಇಳಿಸಿದ ಸ್ವಲ್ಪಕ್ಕೇ ಪಂಪು ತನ್ನ ಒಳ್ಳೆಯ ದಕ್ಷತೆಯ ಜಾಗ ಬಿಟ್ಟು ಸರಿಯುತ್ತದೆ, ಇನ್ನಷ್ಟು ಇಳಿಸಿದರೆ ನೀರು ತೊಟ್ಟಿಯನ್ನೇ ಮುಟ್ಟುವುದಿಲ್ಲ. ಇಲ್ಲಿ ಸಣ್ಣ ಪಂಪೇ ಸರಿ, ದೊಡ್ಡದನ್ನು ಜಾತ್ರೆ, ಹಬ್ಬದ ದಿನಗಳಿಗೆ ಮೀಸಲಿಡಬಹುದು.

ಆರನೆಯ ಹಂತ: ಪಂಪ್ ಆಯ್ಕೆ

ನಮ್ಮ ಕಡೆ ಇರುವ ದೊಡ್ಡ ರೋಗವೆಂದರೆ ‘ಇರಲಿ’ ಎಂದು ಹೆಡ್ ಹೆಚ್ಚಿಸಿ ಬರೆಯುವುದು. ವಿಭಾಗಾಧಿಕಾರಿ ಐದು ಮೀಟರ್ ಸೇರಿಸುತ್ತಾರೆ, ಅಂದಾಜು ಮಾಡುವವರು ಹತ್ತು ಶೇಕಡಾ, ಅಂಗಡಿಯವರು ಒಂದು ಸೈಜ್. 45 ಮೀಟರ್ ಸಾಕಾಗುವ ಜಾಗಕ್ಕೆ 65 ಮೀಟರಿನ ಪಂಪು ಬಂದು ಕೂರುತ್ತದೆ. ಅದು ಹೆಚ್ಚು ನೀರು ಎಸೆದು ಆಂಪಿಯರ್ ಏರಿಸುತ್ತದೆ, ಮೋಟಾರ್ ಬಿಸಿಯಾಗುತ್ತದೆ, ಆಗ ನೀರುಗಂಟಿ ವಾಲ್ವನ್ನು ಅರ್ಧ ತಿರುಗಿಸಿ ಮುಚ್ಚುತ್ತಾನೆ. ಅರ್ಧ ಮುಚ್ಚಿದ ಆ ವಾಲ್ವಿನಲ್ಲಿ ಹಣವೂ ಇಂಗಾಲವೂ ದಿನವಿಡೀ ಸುಟ್ಟುಹೋಗುತ್ತವೆ. ಪಂಪ್‌ಹೌಸಿಗೆ ಹೋದಾಗ ಮೊದಲು ಆ ವಾಲ್ವಿನ ಚಕ್ರ ನೋಡಿ.

ಪಂಪಿನ ಜೊತೆ ಬರುವ ವಕ್ರರೇಖೆಯಲ್ಲಿ ಅತಿ ಹೆಚ್ಚು ದಕ್ಷತೆಯ ಬಿಂದು ನಿಮ್ಮ ಹೆಡ್ಡಿನ ಹತ್ತಿರ ಇರಬೇಕು. ನದಿ ಅಥವಾ ಜಲಾಶಯದ ದಡದ ಪಂಪಾದರೆ ನೀರಿನ ಮಟ್ಟ ವರ್ಷವಿಡೀ ಒಂದೇ ಇರುವುದಿಲ್ಲ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಬೇಸಿಗೆಯ ಹೊತ್ತಿಗೆ ಅದು ಎಷ್ಟು ಕೆಳಗೆ ಹೋಗುತ್ತದೆಂಬುದು ದಡದವರಿಗೆ ಗೊತ್ತು. ಅತಿ ಕೆಳಗಿನ ಮಟ್ಟಕ್ಕೆ ಪಂಪು ಆರಿಸಿದರೆ ಆ ಕೆಲವೇ ವಾರಗಳನ್ನು ಬಿಟ್ಟು ಉಳಿದ ಇಡೀ ವರ್ಷ ಅದು ತಪ್ಪು ಜಾಗದಲ್ಲಿ ಓಡುತ್ತದೆ. ಹೆಚ್ಚು ಗಂಟೆಗಳು ಯಾವ ಮಟ್ಟದಲ್ಲಿ ಓಡುತ್ತದೋ ಅದಕ್ಕೆ ಮುಖ್ಯ ಪಂಪನ್ನು ಆರಿಸಿ, ಬೇಸಿಗೆಗೆ ಮೀಸಲು ಪಂಪನ್ನು ಹೊಂದಿಸಬೇಕು.

38 ಶೇಕಡಾದ ಹಳೆಯ ಪಂಪನ್ನು 55 ಶೇಕಡಾದ್ದಕ್ಕೆ ಬದಲಿಸಿದರೆ 46,800 ಯೂನಿಟ್ 32,300ಕ್ಕೆ ಇಳಿದು, ವರ್ಷಕ್ಕೆ ಒಂದು ಲಕ್ಷ ರೂಪಾಯಿಯೂ ಹತ್ತು ಟನ್ನೂ ಉಳಿಯುತ್ತವೆ. ಪಂಪ್‌ಸೆಟ್ಟಿಗೆ ಒಂದೂಕಾಲು ಲಕ್ಷ ಎಂದಿಟ್ಟುಕೊಂಡರೂ ಹದಿನೈದು ತಿಂಗಳಲ್ಲಿ ಹಣ ಬರುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಹಾಕಿಸುವುದು ಹೆಚ್ಚುವರಿ ಶುಲ್ಕ ತಪ್ಪಿಸಲು ಒಳ್ಳೆಯದು, ಆದರೆ ಅದರಿಂದ ಯೂನಿಟ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ.

ಏಳನೆಯ ಹಂತ: ಸೂರ್ಯ, ಗ್ರಿಡ್, ಡೀಸೆಲ್, ಮತ್ತು ರೂಪಾಯಿ–ಟನ್ನಿನ ತೂಕ

ಡೀಸೆಲ್ಲಿನ ಮಾತು ಬೇಗ ಮುಗಿಯುತ್ತದೆ. ಸಣ್ಣ ಎಂಜಿನ್ನು ಲೀಟರಿಗೆ ಎರಡೂವರೆ ಯೂನಿಟ್ಟಿನಷ್ಟು ಕೆಲಸ ಕೊಟ್ಟರೆ ಹೆಚ್ಚು. ಲೀಟರಿಗೆ 90 ರೂಪಾಯಿ ಎಂದರೆ ಯೂನಿಟ್ಟಿಗೆ 36 ರೂಪಾಯಿ, ಒಂದು ಕಿಲೋಗಿಂತ ಹೆಚ್ಚು ಇಂಗಾಲ. ವಿದ್ಯುತ್ ಮೋಟಾರಿನಲ್ಲಿ ಅದೇ ಕೆಲಸ ಎಂಟು ರೂಪಾಯಿಗೆ, ಸುಮಾರು 0.8 ಕಿಲೋಗೆ ಆಗುತ್ತದೆ. ಡೀಸೆಲ್ ಬಿಟ್ಟರೆ ಹಣದಲ್ಲಿ ಆಗುವ ಉಳಿತಾಯದಷ್ಟು ಇಂಗಾಲದಲ್ಲಿ ಆಗುವುದಿಲ್ಲ ಎಂಬುದನ್ನು ವರದಿಯಲ್ಲಿ ಮುಚ್ಚಿಡದೆ ಬರೆಯಬೇಕು.

ಸೌರ ವಿದ್ಯುತ್ತಿಗೆ ನಮ್ಮ ಸೀಮೆ ಹೇಳಿ ಮಾಡಿಸಿದಂತಿದೆ. ಒಂದು ಕಿಲೋವ್ಯಾಟ್ ಫಲಕದಿಂದ ವರ್ಷಕ್ಕೆ 1,400 ಯೂನಿಟ್ ನಿರೀಕ್ಷಿಸಬಹುದು. ಅದರ ತಯಾರಿಕೆಯ ಇಂಗಾಲ ಕಿಲೋವ್ಯಾಟಿಗೆ ಸುಮಾರು ಒಂದು ಟನ್, ಒಂದು ವರ್ಷದ ಉಳಿತಾಯದಲ್ಲಿ ತೀರುತ್ತದೆ. ಆದರೆ ಬೇಸಿಗೆಯಲ್ಲಿ ಫಲಕದ ಬಿಸಿ 65 ಡಿಗ್ರಿ ದಾಟಿದಾಗ ಡಿಗ್ರಿಗೆ 0.4 ಶೇಕಡಾದಂತೆ ಉತ್ಪಾದನೆ ಆರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ದೂಳು ಕೂತರಂತೂ ತೊಳೆಯದೆ ವಿಧಿಯಿಲ್ಲ. ತೊಳೆಯುವ ಕೂಲಿಯನ್ನೂ ವಾರ್ಷಿಕ ಖರ್ಚಿನಲ್ಲಿ ತೋರಿಸಬೇಕು.

ಕ್ರಮ ಏಕೆ ಮುಖ್ಯವೆಂಬುದು ಇಲ್ಲಿ ಗೊತ್ತಾಗುತ್ತದೆ. ಹಳೆಯ ಪಂಪಿನ 46,800 ಯೂನಿಟ್ಟನ್ನು ಸೂರ್ಯನಿಂದಲೇ ತುಂಬಲು 33 ಕಿಲೋವ್ಯಾಟ್ ಫಲಕ ಬೇಕು. ಮೊದಲು ಪಂಪನ್ನೂ ಹೊತ್ತನ್ನೂ ಸರಿಪಡಿಸಿ 27,200ಕ್ಕೆ ಇಳಿಸಿದರೆ 19 ಸಾಕು. ಕಿಲೋವ್ಯಾಟಿಗೆ 55,000 ರೂಪಾಯಿ ಎಂದರೂ ಏಳೂವರೆ ಲಕ್ಷಕ್ಕಿಂತ ಹೆಚ್ಚು ಉಳಿಯಿತು. ಹದಿನಾರು ಗಂಟೆಯ ನಿಧಾನದ ಎತ್ತುವಿಕೆಗೂ ಹಗಲಿನ ಸೂರ್ಯನಿಗೂ ಹೊಂದಿಕೆಯಾಗದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ನೆಟ್ ಮೀಟರಿಂಗ್ ಇರುವಲ್ಲಿ ಹಗಲು ಉಳಿದದ್ದನ್ನು ಗ್ರಿಡ್ಡಿಗೆ ಕೊಟ್ಟು ಬೆಳಗಿನ ಜಾವ ಪಡೆದುಕೊಳ್ಳಬಹುದು. ಇಲ್ಲದಿರುವಲ್ಲಿ ಹತ್ತು ಹನ್ನೊಂದು ಗಂಟೆಗಳಿಗೆ ಹೊಂದುವ ಮಧ್ಯಮ ಪಂಪು ಆರಿಸಿ ಮೇಲ್ತೊಟ್ಟಿಯನ್ನೇ ಬ್ಯಾಟರಿಯಂತೆ ಬಳಸಬೇಕು. ಎರಡೂ ಸಂದರ್ಭದಲ್ಲಿ ಸಂಜೆ ಆರರಿಂದ ಹತ್ತರವರೆಗೆ ಪಂಪು ನಿಲ್ಲಿಸುವುದು ಒಳ್ಳೆಯದು, ಆ ಹೊತ್ತಿಗೆ ಸೌರ ಇಳಿದು ಕಲ್ಲಿದ್ದಲ ಸ್ಥಾವರಗಳು ಮೇಲೇರಿರುತ್ತವೆ, ಊರಿನಲ್ಲಿ ವೋಲ್ಟೇಜೂ ಬಿದ್ದಿರುತ್ತದೆ.

ಈಗ ತೂಕಕ್ಕೆ ಬರೋಣ. ಪ್ರತಿಯೊಂದು ಕೆಲಸಕ್ಕೂ ಅದರ ಆಯುಷ್ಯದಲ್ಲಿ ಆಗುವ ನಿವ್ವಳ ಖರ್ಚನ್ನು, ಮುಂದಿನ ವರ್ಷಗಳ ಹಣಕ್ಕೆ ಬಡ್ಡಿ ಕಳೆದು, ಇಂದಿನ ಬೆಲೆಗೆ ತಂದು, ಉಳಿಯುವ ಟನ್‌ಗಳಿಂದ ಭಾಗಿಸಬೇಕು. ಪಂಪು ಬದಲಾವಣೆ, ಸೋರಿಕೆ ತಡೆ, ಹೊತ್ತಿನ ಬದಲಾವಣೆ, 150ರ ಕೊಳವೆ, ಇವೆಲ್ಲದರ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಅಂದರೆ ಟನ್ ಉಳಿಸಿದ್ದಕ್ಕೆ ನಮಗೇ ಹಣ ಸಿಗುತ್ತದೆ. ಮರುಪಾವತಿ ಆರು ವರ್ಷದ ಆಸುಪಾಸಿನಲ್ಲಿರುವ ಸೌರವೂ ಹೆಚ್ಚಾಗಿ ಅಲ್ಲಿಯೇ ಬರುತ್ತದೆ. 200ರ ಕೊಳವೆಗೆ ಶೇಕಡಾ 8ರ ಬಡ್ಡಿಯಲ್ಲಿ 30 ವರ್ಷದ ಉಳಿತಾಯದ ಇಂದಿನ ಬೆಲೆ 5.5 ಲಕ್ಷ, ಕೊರತೆ 3.5 ಲಕ್ಷ. ತಯಾರಿಕೆಯ 27 ಟನ್ ಕಳೆದು ಉಳಿಯುವುದು 119 ಟನ್, ಹಾಗಾಗಿ ಟನ್ನಿಗೆ ಸುಮಾರು 3,000 ರೂಪಾಯಿ. ಗ್ರಿಡ್ ವರ್ಷವರ್ಷವೂ ಸ್ವಚ್ಛವಾಗುತ್ತಾ 30 ವರ್ಷದ ಸರಾಸರಿ ಅರ್ಧಕ್ಕೆ ಇಳಿದರೆ ಉಳಿಯುವುದು 46 ಟನ್ ಮಾತ್ರ, ಆಗ ಟನ್ನಿಗೆ 7,700. ಇದೇ ಕೊಳವೆಯ ಹಣದಲ್ಲಿ ಇನ್ನೊಂದು ಊರಿನ ಎರಡು ಮೂರು ಸವೆದ ಪಂಪುಗಳನ್ನು ಬದಲಿಸಿದರೆ ವರ್ಷಕ್ಕೆ ಹಲವು ಪಟ್ಟು ಇಂಗಾಲ ಉಳಿಯುವಾಗ ನಾನು 200ರ ಕೊಳವೆಯನ್ನು ಶಿಫಾರಸು ಮಾಡುವುದಿಲ್ಲ. ಮುಂದಿನ ಇಪ್ಪತ್ತು ವರ್ಷದಲ್ಲಿ ಊರು ಎರಡರಷ್ಟಾಗುವುದು ಖಚಿತವಿದ್ದರೆ ಮಾತ್ರ ಈ ತೀರ್ಮಾನ ತಿರುಗುತ್ತದೆ, ಏಕೆಂದರೆ ಅದೇ ಹೊತ್ತಿನಲ್ಲಿ ಹರಿವು ಇಮ್ಮಡಿಯಾದರೆ ಘರ್ಷಣೆ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಕೃಷಿ ಪಂಪ್‌ಸೆಟ್ಟಿಗೆ ಈ ಲೆಕ್ಕ ಹೊಂದುವುದೇ?

ಇಂಗಾಲದ ಲೆಕ್ಕ ಹೊಂದುತ್ತದೆ, ಹಣದ ಲೆಕ್ಕ ಹೊಂದುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತವಾಗಿರುವುದರಿಂದ ಯೂನಿಟ್ ಉಳಿಸಿದ ರೈತನಿಗೆ ಕೈಗೆ ಬರುವುದು ಏನೂ ಇಲ್ಲ, ಆ ಖರ್ಚನ್ನು ಸರ್ಕಾರ ಭರಿಸುತ್ತದೆ. ಹಾಗಾಗಿ ಒಳ್ಳೆಯ ಪಂಪು ಕೊಳ್ಳಿ ಎಂದು ಬರಿಯ ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ರೈತನಿಗೆ ಮುಟ್ಟುವ ಖರ್ಚು ವೈಂಡಿಂಗಿನದು, ಪಂಪು ಮೇಲೆತ್ತಿ ಇಳಿಸುವ ಕೂಲಿಯದು, ಬತ್ತಿದ ಬೋರಿನದು. ಸರಿಯಾದ ಹೆಡ್ಡಿನ ಪಂಪು ಈ ಮೂರನ್ನೂ ತಗ್ಗಿಸುತ್ತದೆ ಎಂದು ತೋರಿಸಬೇಕು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಇನ್ನೊಂದು ವಿಷಯವಿದೆ. ಸದಾ ನೀರು ನಿಂತ ಗದ್ದೆಯಿಂದ ಏಳುವ ಮೀಥೇನ್ ಹೆಕ್ಟೇರಿಗೆ ಒಂದು ಬೆಳೆಗೆ ಎರಡು ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮನಾಗಬಲ್ಲದು. ಕಾಲುವೆಯಿಂದ ಒಂದೆರಡು ಮೀಟರ್ ಎತ್ತುವ ಪಂಪಿನ ಇಂಗಾಲ ಅದರ ಮುಂದೆ ಅಲ್ಪ. ನಡುನಡುವೆ ಗದ್ದೆ ಆರಿಸಿ ನೀರು ಕಟ್ಟುವ ಪದ್ಧತಿ ಮೀಥೇನನ್ನೂ ಪಂಪಿನ ಗಂಟೆಗಳನ್ನೂ ಒಟ್ಟಿಗೆ ತಗ್ಗಿಸುತ್ತದೆ. ಆದರೆ ಕಾಲುವೆಯ ಕೊನೆಭಾಗದಲ್ಲಿ ಮುಂದಿನ ಸರದಿಯ ನೀರು ಬರುವ ನಂಬಿಕೆ ಇಲ್ಲದ ರೈತ ಗದ್ದೆ ಆರಿಸಲು ಒಪ್ಪುವುದಿಲ್ಲ, ಅದು ಅವನ ತಪ್ಪೂ ಅಲ್ಲ.

ಎಂಟನೆಯ ಹಂತ: ಟೆಂಡರ್ ಮತ್ತು ದಾಖಲೆ ಪುಸ್ತಕ

ಟೆಂಡರಿನಲ್ಲಿ ಪಂಪಿನ ಬೆಲೆಯನ್ನು ಮಾತ್ರ ನೋಡಿದರೆ ಮೇಲಿನ ಶ್ರಮವೆಲ್ಲ ನೀರಿನಲ್ಲಿ ಹೋಮ. ಕೊಟೇಶನ್ನಿನ ಬೆಲೆಗೆ, ಖಾತರಿ ಕೊಟ್ಟ ದಕ್ಷತೆಯಲ್ಲಿ ಹತ್ತು ವರ್ಷಕ್ಕೆ ಆಗುವ ಕರೆಂಟ್ ಖರ್ಚಿನ ಇಂದಿನ ಬೆಲೆಯನ್ನು ಕೂಡಿಸಿ, ಒಟ್ಟು ಮೊತ್ತ ಯಾರದು ಕಡಿಮೆಯೋ ಅವರಿಗೆ ಕೊಡುವುದಾಗಿ ಷರತ್ತು ಹಾಕಬೇಕು. ಅಳವಡಿಸಿದ ಮೇಲೆ ಎರಡನೆಯ ಹಂತದ ಪರೀಕ್ಷೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಕಿರಿಯ ಎಂಜಿನಿಯರ್ (ಜೆಇ) ಅವರ ಎದುರಿಗೆ ಮಾಡಿ, ಖಾತರಿಗಿಂತ ದಕ್ಷತೆ ಕಡಿಮೆ ಬಂದರೆ ಎಷ್ಟು ಹಣ ಕಡಿತವೆಂಬುದನ್ನೂ ಮೊದಲೇ ಬರೆದಿರಬೇಕು.

ದಾಖಲೆ ಪುಸ್ತಕಕ್ಕೆ ದಿನಾಂಕ, ಓಡಿದ ಗಂಟೆ, ಮೀಟರಿನ ಅಂಕಿ, ಒತ್ತಡ, ತೊಟ್ಟಿಗೆ ಬಿದ್ದ ನೀರು, ಇಷ್ಟು ಕಾಲಂಗಳು ಸಾಕು. ತಿಂಗಳ ಕೊನೆಗೆ ಯೂನಿಟ್ಟನ್ನು ನೀರಿನಿಂದಲೂ ಹೆಡ್ಡಿನಿಂದಲೂ ಭಾಗಿಸಿ ಬರುವ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. 55 ಶೇಕಡಾ ದಕ್ಷತೆಯಲ್ಲಿ ಅದು 0.005ರ ಹತ್ತಿರ ಇರುತ್ತದೆ. 0.006 ದಾಟಿದರೆ ಹೀರುಕೊಳವೆಯ ಬುಡದ ಫುಟ್‌ವಾಲ್ವ್, ಇಂಪೆಲ್ಲರ್ ಮತ್ತು ಆ ಅರ್ಧ ತಿರುಗಿಸಿದ ಗೇಟ್ ವಾಲ್ವನ್ನು ಅದೇ ವಾರ ಬಿಚ್ಚಿ ನೋಡಬೇಕು, 0.007 ಮುಟ್ಟಿದರೆ ಹೊಸ ಪಂಪಿಗೆ ಮುಂದಿನ ಸಭೆಯಲ್ಲೇ ಠರಾವು ಮಾಡಬೇಕು.